ಹೆಸರು ಕೊಡುವ ಮುಂಚೆ

ಹೆಸರು ಕೊಡುವ ಮುಂಚೆ ಮನೆಗೆ ಬಂದು ಹೇಳುತ್ತೇನೆ ಎಂದು ವರ್ಷಗಳ ಹಿಂದೆ ವರದರಾಜರಿಗೆ ಮಾತು ಕೊಟ್ಟಿದ್ದ ದೀಪ್ತಿ, ಈಗ ಚಾಮರಾಜಪೇಟೆಯ ಅವರ ಮನೆಯ ಗೇಟಿನ ಬಳಿ ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದಳು. ಬಂದವರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಮೆಟ್ಟಿಲ ಪಕ್ಕದಲ್ಲಿ ಮಡಕೆಯ ಬೆಂಕಿ ಹೊಗೆಯಾಡುತ್ತಿತ್ತು.

"ಬಂದ್ಯಾ," ಎಂದ ಅನಿಲ್ ಕುಮಾರ್. ಒಂದು ಕಾಲದಲ್ಲಿ ಅವಳ ಜೊತೆ ಲ್ಯಾಬಿನಲ್ಲಿದ್ದು ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುತ್ತಿದ್ದವನು. ಈಗ ಒಂದು ಆಸ್ಪತ್ರೆಯ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. "ಬೆಳಗಿನ ಜಾವ ಅಂತೆ. ನಿದ್ದೇಲೇ."

ದೀಪ್ತಿ ತಲೆಯಾಡಿಸಿದಳು. ಅವನ ಮುಖ ನೋಡಲಾಗಲಿಲ್ಲ. ಮಾವಳ್ಳಿಯ ಮನೆಯಲ್ಲಿ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಹಳೆಯ ಲ್ಯಾಬಿನವರ ಗ್ರೂಪಿಗೆ ಮೆಸೇಜು ಬಂದಿತ್ತು: ವರದರಾಜ್ ಸರ್ ಇನ್ನಿಲ್ಲ. ಅಯ್ಯೋ ಅನ್ನಿಸುವ ಮೊದಲೇ ಅವಳಿಗೆ ಅನ್ನಿಸಿದ್ದು ಬೇರೆ. ತಾನು ಕೆಲಸ ಕೇಳಿದ್ದ ಕಂಪನಿಯವರು ತನ್ನ ಬಗ್ಗೆ ವಿಚಾರಿಸಲು ಇವರಿಗೆ ಫೋನ್ ಮಾಡಿ ಆಗಿತ್ತೋ ಇಲ್ಲವೋ. ಅನ್ನದ ಸೌಟು ಕೈಯಲ್ಲೇ ನಿಂತಿತು. ಎಂಥ ಹೆಂಗಸು ನಾನು ಎಂದು ಆಮೇಲೆ ಅನ್ನಿಸಿತು. ಆಮೇಲೆಯೇ.

*

ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹಿಂದಿನ ಓಣಿಯ ಆ ಪುಟ್ಟ ಲ್ಯಾಬಿಗೆ ವರದರಾಜರು ಸೂಪರ್‌ವೈಸರ್. ಅವರದು ಒಂದೇ ಹಟ. ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸಬೇಕಾದರೆ ಆ ಮನುಷ್ಯ ಎದುರಿಗೆ ಕೂತಿರಬೇಕು, ಅವನ ಬಾಯಿಂದಲೇ ಹೆಸರು ಹೇಳಿಸಬೇಕು. ಹೊಸದರಲ್ಲಿ ದೀಪ್ತಿ ಒಮ್ಮೆ ಟೈಮ್ ಉಳಿಯಲಿ ಎಂದು ಚೀಟಿಗಳನ್ನು ಮೊದಲೇ ಅಂಟಿಸಿಟ್ಟಿದ್ದಳು. ನರಸಮ್ಮನ ರಕ್ತ ತುಳಸಮ್ಮನ ಟ್ಯೂಬಿಗೆ ಹೋಯಿತು. ವರದರಾಜರು ಬೈಯಲಿಲ್ಲ. ಎರಡೂ ಮನೆಗೆ ಅವಳನ್ನು ಕರೆದುಕೊಂಡು ಹೋಗಿ, ತಾವೇ ಕೈಮುಗಿದು, "ತಪ್ಪು ನಮ್ದಮ್ಮ, ಇನ್ನೊಂದ್ಸಲ ಚುಚ್ಚಿಸ್ಕೋಬೇಕು" ಎಂದರು. ಅವರು ಬೈದಿದ್ದರೇ ವಾಸಿಯಿತ್ತು.

ಹೆರಿಗೆಗೆಂದು ಕೆಲಸ ಬಿಟ್ಟ ದಿನ ಅವಳು ಕೇಳಿದ್ದಳು. "ಮುಂದೆ ಎಲ್ಲಾದ್ರೂ ರೆಫರೆನ್ಸ್ ಕೇಳಿದ್ರೆ ನಿಮ್ಮ ಹೆಸರು ಕೊಡ್ಲಾ ಸರ್?"

"ಧಾರಾಳವಾಗಿ ಕೊಡು. ಆದ್ರೆ ಕೊಡೋ ಮುಂಚೆ ಮನೆಗೆ ಬಂದು ಹೇಳು. ಯಾವ ಕೆಲಸ, ಎಂಥ ಜಾಗ ಅಂತ ಗೊತ್ತಿಲ್ದೆ ನಾನೇನಂತ ಹೇಳ್ಲಿ? ಟ್ಯೂಬಿಗೆ ಹೇಗೋ ನನಗೂ ಹಾಗೇ. ಮುಖ ನೋಡಿ ಹೆಸರು ಬರಿ."

"ಖಂಡಿತ ಸರ್. ಬಂದೇ ಬರ್ತೀನಿ."

ಆಮೇಲೆ ಸೇರಿದ ಕೆಲಸವೂ ಈ ಬೇಸಿಗೆಯಲ್ಲಿ ಹೋಯಿತು. ಹೊಸ ಜಾಗದವರು ಮೂವರ ಹೆಸರು ಕೇಳಿದರು. ಇಬ್ಬರನ್ನು ಗೋಗರೆದು ಒಪ್ಪಿಸಿದ್ದಾಯಿತು. ಮೂರನೆಯದಕ್ಕೆ ವರದರಾಜರ ನಂಬರು ಫೋನಿನಲ್ಲಿತ್ತು. ಇಷ್ಟು ವರ್ಷ ಯುಗಾದಿಗೂ ಒಂದು ಫೋನ್ ಮಾಡದವಳು ಈಗ ಗರಜು ಬಿದ್ದಾಗ ಹೋಗಿ ಬಾಗಿಲಲ್ಲಿ ನಿಲ್ಲುವುದು ಹೇಗೆ? ಆ ನಾಚಿಕೆಗೇ ಅವಳು ಹೋಗಲಿಲ್ಲ. ಹೆಸರು ಮಾತ್ರ ಬರೆದಳು. ಭಾನುವಾರ ಹೋಗಿ ಹೇಳಿದರಾಯಿತು ಅಂದುಕೊಂಡಳು. ಭಾನುವಾರ ಯೂನಿಫಾರಂ ಒಗೆಯುವುದರಲ್ಲಿ ಕಳೆಯಿತು.

*

"ಇಲ್ಲಿ ನಿಂತಿರೋರಲ್ಲಿ ಅರ್ಧ ಜನಕ್ಕೆ ಸರ್ ಹೇಳಿದ ಮಾತಿಂದ್ಲೇ ಅನ್ನ," ಎಂದ ಅನಿಲ್, ಜಗಲಿಯ ಕಂಬಕ್ಕೆ ಒರಗಿ. "ನನ್ನ ಬಗ್ಗೆ ಏನಂದಿದ್ರು ಗೊತ್ತಾ? ಲೇಟಾಗಿ ಬರ್ತಾನೆ, ಆದ್ರೆ ಬಂದೇ ಬರ್ತಾನೆ ಅಂತ. ಆಸ್ಪತ್ರೆಯೋರು ಅದನ್ನ ನನಗೇ ಹೇಳಿ, ನಕ್ಕು, ಕೆಲಸ ಕೊಟ್ರು."

"ಸುಳ್ಳು ಸೇರಿಸೋಕೇ ಬರ್ತಿರ್ಲಿಲ್ಲಪ್ಪ ಅವರಿಗೆ," ಎಂದರು ಪಕ್ಕದ ಮನೆಯ ಶೈಲಜಮ್ಮ. "ನನ್ನ ತಂಗಿ ಮಗಳಿಗೆ ನೋಡಿದ ಗಂಡು ಇವರ ಲ್ಯಾಬಿನೋನು. ಹೇಗೆ ಹುಡುಗ ಅಂತ ಕೇಳಿದ್ರೆ, ಒಳ್ಳೇವ್ನು, ಮಧ್ಯಾಹ್ನ ಕೂತಲ್ಲೇ ಗೊರಕೆ ಹೊಡೀತಾನೆ ಅಂದ್ರು. ಈಗ್ಲೂ ಹೊಡೀತಾನೆ."

ಅನಿಲ್ ನಕ್ಕ. ನಗು ಅರ್ಧಕ್ಕೇ ನಿಂತಿತು. "ಇವತ್ತೂ ಲೇಟೇ ನಾನು. ಹೋಗಿ ನೋಡ್ಬೇಕು, ನೋಡ್ಬೇಕು ಅಂತ್ಲೇ ಇದ್ದೆ."

ದೀಪ್ತಿ ಒಳಗೆ ಹೋದಳು, ಹಿಂದೆಯೇ ಶೈಲಜಮ್ಮನೂ ಬಂದರು. ನಡುಮನೆಯಲ್ಲಿ ವರದರಾಜರನ್ನು ಮಲಗಿಸಿದ್ದರು. ಅವರಿಗೆ ಮಕ್ಕಳಿಲ್ಲ, ಅಣ್ಣನ ಮಗ ಒದ್ದೆ ಪಂಚೆಯಲ್ಲಿ ನಿಂತಿದ್ದ. ತಲೆಯ ಹತ್ತಿರ ಕೂತಿದ್ದ ಅವರ ಹೆಂಡತಿ ಸುಂದರಮ್ಮ ಕತ್ತೆತ್ತಿ ನೋಡಿದರು.

"ದೀಪ್ತಿ ಅಲ್ವಾ? ಬಾ ಇಲ್ಲಿ." ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಂಡರು. "ಮೊನ್ನೆ ನಿನ್ನ ವಿಷಯಕ್ಕೇ ಫೋನ್ ಬಂದಿತ್ತು."

ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಒಳಗೆಲ್ಲೋ ಸಮಾಧಾನವೊಂದು ಮಿಸುಕಿತು; ಆ ಹೆಣದ ಪಕ್ಕದಲ್ಲಿ ಕೂತು ಅದನ್ನು ಅದುಮಿಡುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು.

"ಏದುಸಿರು ಅವರಿಗೆ. ಇತ್ಲಾಗೆ ಕೊಡಿ, ನಾನು ಮಾತಾಡ್ತೀನಿ ಅಂದ್ರೆ ಕೇಳ್ಲಿಲ್ಲ. ದಿಂಬಿಗೆ ಒರಗಿ ಕೂತು, ಶರ್ಟ್ ತಾ ಅಂದ್ರು. ಫೋನಲ್ಲಿ ಮಾತಾಡೋಕೆ ಶರ್ಟ್ ಯಾಕ್ರೀ ಅಂದೆ. ಆ ಹುಡುಗಿ ಅನ್ನದ ವಿಷಯ ಕಣೇ ಅಂದ್ರು." ಸುಂದರಮ್ಮ ಮೂಗೊರೆಸಿಕೊಂಡರು. "ಒಂದೇ ಒಂದು ತಪ್ಪು ಮಾಡಿದ್ಲು, ಮತ್ತೆ ಮಾಡ್ಲಿಲ್ಲ, ಅಂಥೋರು ಸಿಗೋದು ಕಷ್ಟ ಅಂತ ಹೇಳಿದ್ರು ಅವರಿಗೆ. ನಿಮ್ಮ ಹೆಸರು ಕೊಟ್ಟಿರೋದು ನಿಮಗೆ ಗೊತ್ತಾ ಅಂತ ಕೇಳಿದ್ದಕ್ಕೆ, ಗೊತ್ತು, ಮನೆಗೆ ಬಂದು ಹೇಳಿ ಹೋದ್ಲು ಅಂದ್ರು. ಯಾವಾಗ ಬಂದಿದ್ದೆ? ನಾನು ನೋಡ್ಲೇ ಇಲ್ವಲ್ಲ."

ಬಂದಿರಲಿಲ್ಲ ಎಂದರೆ, ಸುಳ್ಳು ಸೇರಿಸಲು ಬಾರದ ಮನುಷ್ಯ ಸಾಯುವ ಮುಂಚೆ ಅವಳಿಗಾಗಿ ಸುಳ್ಳು ಹೇಳಿದ್ದನ್ನು ಅವರ ಹೆಂಡತಿಯ ಎದುರು, ಅವರ ತಲೆಯ ಹತ್ತಿರವೇ ಕೂತು, ಹೇಳಿದಂತೆ.

"ಬುಧವಾರ," ಎಂದಳು ದೀಪ್ತಿ. "ನೀವಿರ್ಲಿಲ್ಲ."

"ಬುಧವಾರ. ಹೌದು, ಮಾತ್ರೆ ತರೋಕೆ ಹೋಗಿದ್ದೆ." ಸುಂದರಮ್ಮನ ಹಿಡಿತ ಬಿಗಿಯಾಯಿತು. "ಬಾಗಿಲು ಅವರೇ ತೆಗೆದ್ರಾ? ಎದ್ದು ಬಂದ್ರಾ?"

"ಹೂಂ."

"ಗೋಡೆ ಹಿಡ್ಕೊಂಡಾ?"

"ಗೋಡೆ ಹಿಡ್ಕೊಂಡು ಬಂದ್ರು. ಕಾಫಿ ಕುಡ್ಕೊಂಡು ಹೋಗು ಅಂದ್ರು."

ಸುಂದರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಕೇಳಿದ್ರಾ ಶೈಲಜಮ್ಮ, ಎದ್ದು ಬಂದು ಬಾಗಿಲು ತೆಗೆದ್ರಂತೆ. ನನ್ನೆದುರಿಗೆ ಒಂದು ವಾರದಿಂದ ಎದ್ದೇ ಇರ್ಲಿಲ್ಲ ನೋಡಿ."

ಬಾಗಿಲಲ್ಲಿ ನಿಂತಿದ್ದ ಅನಿಲ್ ತಲೆ ತಗ್ಗಿಸಿದ. "ಹೆಸರು ಕೊಡೋ ಮುಂಚೆ ಮನೆಗೆ ಬನ್ನಿ ಅಂತ ನಮಗೆಲ್ಲ ಹೇಳಿದ್ರು. ಮಾತು ಉಳಿಸ್ಕೊಂಡೋಳು ಇವಳೊಬ್ಬಳೇ," ಎಂದ. ಶೈಲಜಮ್ಮ ಅವಳ ಬೆನ್ನು ಸವರಿದರು. ಆ ಕೈ ತೆಗೆದರೆ ಸಾಕಾಗಿತ್ತು ದೀಪ್ತಿಗೆ.

ಹೊರಗೆ ಗಾಡಿ ಬಂದು ನಿಂತಿತು. "ಬಾಯಿಗೆ ಅಕ್ಕಿ ಹಾಕೋರು ಬನ್ನಿ," ಎಂದರು ಪುರೋಹಿತರು. "ಮನೆಯವರು ಮಾತ್ರ."

"ಇವಳೂ ಹಾಕ್ಲಿ," ಎಂದರು ಸುಂದರಮ್ಮ. "ಕೊನೇಲಿ ಮನೆಗೆ ಬಂದೋಳು."

ಬೇಡ ಅನ್ನಲು ದಾರಿಯಿರಲಿಲ್ಲ. ಯಾರೋ ಅವಳ ಅಂಗೈಗೆ ಅಕ್ಕಿ ಸುರಿದರು. ಗೋಡೆಯ ಮೊಳೆಯಲ್ಲಿ ತಿಳಿನೀಲಿ ಶರ್ಟೊಂದು ನೇತಾಡುತ್ತಿತ್ತು. ಮೊನ್ನೆ ಹಾಕಿಕೊಂಡಿದ್ದು ಅದೇ ಇರಬೇಕು. ದೀಪ್ತಿ ಬಗ್ಗಿ, ಇಷ್ಟು ವರ್ಷದ ಮೇಲೆ, ಅವರ ಮುಖ ನೋಡಿದಳು. ಅಕ್ಕಿ ಹಾಕಿದಳು. ಮುಚ್ಚಿದ ತುಟಿಯ ಮೇಲೆ ಕಾಳು ನಿಲ್ಲಲಿಲ್ಲ. ಕೆನ್ನೆಯ ಮೇಲಿಂದ ಜಾರಿ ಬಿಳಿ ಬಟ್ಟೆಯ ಮಡಿಕೆಗೆ ಬಿತ್ತು.

ಹೆಸರು ಕೊಡುವ ಮುಂಚೆ ಬಂದು ಹೇಳುತ್ತೇನೆ ಎಂದಿದ್ದಳು. ಬಂದಿರಲಿಲ್ಲ.