ನೆಟ್ಟಗೆ ನಿಂತ ದೊಡ್ಡಪ್ಪ

ದೊಡ್ಡಪ್ಪ ಹದಿನೆಂಟು ವರ್ಷ ಸೈನ್ಯದಲ್ಲಿ ಫಿರಂಗಿ ಹಾರಿಸಿದವರು. ಆಗಿನಿಂದ ಅವರ ಎಡಗಿವಿಯಲ್ಲಿ ಜೀರುಂಡೆಯೊಂದು ಕೂತು ಕೂಗುತ್ತಿದೆ. ಈಚೆಗೆ ತಲೆಸುತ್ತು ಬೇರೆ. ಇದೆಲ್ಲ ಫಿರಂಗಿಯ ಸದ್ದಿನಿಂದ ಆದದ್ದೆಂದು ಡಾಕ್ಟರು ಬರೆದುಕೊಟ್ಟರೆ ಅಂಗವೈಕಲ್ಯದ ಪಿಂಚಣಿ, ಚಿಕಿತ್ಸೆ ಎರಡೂ ಸಿಗುತ್ತವೆ. ಹೋದ ಸಲದ ಅರ್ಜಿ ವಾಪಸು ಬಂದಿತ್ತು. ಇದೇ ಕೊನೆಯ ಅವಕಾಶ.

ವಾಪಸು ಬರಲು ಕಾರಣ ದೊಡ್ಡಪ್ಪನೇ. ಏನು ಕೇಳಿದರೂ ಎದೆಯುಬ್ಬಿಸಿ "ಏನೂ ತೊಂದರೆಯಿಲ್ಲ ಸರ್!" ಎಂದು ಗುಡುಗಿ ಬಂದಿದ್ದರು.

"ಮನೇಲಿ ಗೋಡೆ ಹಿಡ್ಕೊಂಡು ಓಡಾಡೋರು ಅಲ್ಲಿ ಮದುಮಗನ ಥರ ನಿಂತ್ರೆ ಯಾರು ನಂಬ್ತಾರೆ?" ಎಂದಳು ದೊಡ್ಡಮ್ಮ.

"ಸಾಹೇಬ್ರ ಮುಂದೆ ಗೋಳಾಡೋಕಾಗುತ್ತೇನೆ?"

"ನನ್ನ ಮುಂದೆ ಆಗುತ್ತಲ್ಲ! ನಿಮಗೆ ನೆಗಡಿ ಬಂದ್ರೆ ಬೀದಿಗೆಲ್ಲ ಗೊತ್ತಾಗುತ್ತೆ."

ಕೊನೆಗೆ ಕಾವಲಿಗೆ ನನ್ನನ್ನು ಕಳಿಸಿದಳು. "ಇವಳು ಬಾಯಿ ಬಿಡಲ್ಲ, ಆದ್ರೆ ಇವಳ ಕಣ್ಣಿಗೆ ಬೀಳದೇ ಇರೋದು ಏನೂ ಇಲ್ಲ."

ಸೈನ್ಯದ ಆಸ್ಪತ್ರೆಯ ಡಾಕ್ಟರು ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು.

"ತಲೆ ಸುತ್ತುತ್ತಾ?"

"ಅಂಥಾದ್ದೇನಿಲ್ಲ ಮೇಡಂ."

"ಕಣ್ಣು ಮುಚ್ಚಿ ನಿಂತ್ಕೊಳ್ಳಿ."

ದೊಡ್ಡಪ್ಪ ಹಿಮ್ಮಡಿ ಜೋಡಿಸಿ ಕಂಬದ ಹಾಗೆ ನಿಂತರು. ಅವರ ಬೆರಳುಗಳು ಮಾತ್ರ ಪ್ಯಾಂಟನ್ನು ಹೊಲಿಗೆ ಕಿತ್ತುಬರುವಷ್ಟು ಬಿಗಿಯಾಗಿ ಹಿಡಿದಿದ್ದವು. ಡಾಕ್ಟರು ಅದನ್ನು ನೋಡದೆ ಬರೆಯತೊಡಗಿದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಡಾಕ್ಟರಿಗೆ ಹೇಳಿಕೊಡುವುದೇ?

"ಮೇಡಂ, ಷೂ ಬಿಚ್ಚೋಕೆ ಹೇಳಿ," ಎಂದುಬಿಟ್ಟೆ. "ಮನೇಲಿ ದೊಡ್ಡಮ್ಮನೇ ಹಾಕೋದು, ಬಿಚ್ಚೋದು."

ಶತ್ರುಗಳ ಗೂಢಚಾರಿಣಿಯನ್ನು ನೋಡುವಂತೆ ದೊಡ್ಡಪ್ಪ ನನ್ನನ್ನು ನೋಡಿದರು.

"ಬಿಚ್ಚಿ," ಎಂದರು ಡಾಕ್ಟರು.

ಅಪ್ಪಣೆ ಮೀರುವ ಅಭ್ಯಾಸ ದೊಡ್ಡಪ್ಪನಿಗಿಲ್ಲ. ಬಗ್ಗಿದರು. ಲೇಸು ಕೈಗೆ ಸಿಗುವ ಮೊದಲೇ ಮುಖ ಬಿಳಿಚಿಕೊಂಡಿತು. ಒಂದು ಕಡೆಗೆ ವಾಲಿ, ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ಡಾಕ್ಟರ ಕೋಟು. ಇಬ್ಬರೂ ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು.

"ಎಷ್ಟು ದಿನದಿಂದ ಹೀಗೆ?" ಡಾಕ್ಟರ ದನಿ ಮೆತ್ತಗಾಗಿತ್ತು.

ದೊಡ್ಡಪ್ಪ ಹೇಳಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಬಚ್ಚಲಲ್ಲಿ ಬಿದ್ದದ್ದು, ಬಸ್ಸು ಹತ್ತುವುದನ್ನು ಬಿಟ್ಟದ್ದು. ಮೊಮ್ಮಗಳನ್ನು ಎತ್ತಿಕೊಳ್ಳದಿರುವುದು ಸೊಂಟನೋವಿಗಲ್ಲ, ಬೀಳಿಸಿಬಿಟ್ಟೇನೆಂಬ ಭಯಕ್ಕೆ. ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಡಾಕ್ಟರು ಮೊದಲು ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದರು. "ಇಷ್ಟು ಸಾಕು. ಫಿರಂಗಿಯಿಂದಲೇ ಆಗಿದ್ದು ಅಂತ ಬರೀತೀನಿ."

ಹೊರಗೆ ಬಂದಾಗ ಇಳಿಯಲು ಹನ್ನೆರಡು ಮೆಟ್ಟಿಲು. ದೊಡ್ಡಪ್ಪ ನಿಂತರು. ನಾನು ಏನಾದರೂ ಹೇಳುವ ಮೊದಲೇ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನೀನು ಬಿದ್ದುಬಿಟ್ಟೀಯ ಅಂತ," ಎಂದರು.