ಪದರ ಎದ್ದ ಬೆಳಿಗ್ಗೆ

ಬ್ರೌಸರ್ ಅಪ್‌ಡೇಟ್ ಆದಾಗಲೆಲ್ಲ ಸೈಮಾ ಮೊದಲು ಮಾಡುವ ಕೆಲಸ ಒಂದಿತ್ತು. ಪರದೆಯ ಬಲಮೂಲೆಯಲ್ಲಿ ಬೂದಿಬಣ್ಣಕ್ಕೆ ತಿರುಗಿ ಕೂತಿದ್ದ ಒಂದು ಪುಟ್ಟ ಗುರುತನ್ನು ಒತ್ತಿ ನೋಡುವುದು. ಈ ಆಡ್-ಆನ್ ಇನ್ನು ನಡೆಯುವುದಿಲ್ಲ ಎಂದು ಅದು ಪ್ರತಿಸಲವೂ ಹೇಳುತ್ತಿತ್ತು. ಆಯ್ತು ಬಿಡು, ಅವಸರವೇನಿಲ್ಲ ಎಂದುಕೊಂಡು ಸೈಮಾ ತನ್ನ ಕೆಲಸಕ್ಕೆ ಕೂರುತ್ತಿದ್ದಳು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ತಾಯಿ ಶಹಜಹಾನ್ ಬೇಗಂ ಅವರ ಹೊಲಿಗೆ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಸೈಮಾ ಮತ್ತು ಹರೀಶ ಪಾಲುದಾರರಾಗಿ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಸೈಮಾ ಆ ಗುರುತನ್ನು ಒತ್ತುವುದನ್ನು ಕಂಡಾಗಲೆಲ್ಲ ಹರೀಶನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

"ತೀರಿಕೊಂಡೋರ ಮನೆ ಬಾಗ್ಲು ಇನ್ನೆಷ್ಟು ಸಲ ತಟ್ತೀರಿ?"

"ಯಾರೂ ತೀರಿಕೊಂಡಿಲ್ಲ ರೀ. ಹೊರಗಿಂದ ಚಿಲಕ ಹಾಕ್ಯಾರೆ, ಅಷ್ಟೆ. ಒಳಗೆ ಎಲ್ಲಾ ಹಂಗೇ ಐತೆ."

ಬ್ರೌಸರಿಗೆ ಬೇಕೆಂದವರು ಜೋಡಿಸಿಕೊಳ್ಳುವ ಆ ಆಡ್-ಆನಿನ ಇಂಗ್ಲಿಷ್ ಹೆಸರು ಉದ್ದವಾಗಿತ್ತು. ಇವರಿಬ್ಬರೂ ಅದನ್ನು ಪದರ ಎಂದೇ ಕರೆಯುತ್ತಿದ್ದರು. ಚಪ್ಪಟೆಯಾಗಿ ಕಾಣುವ ಪೇಜನ್ನು ಅದು ಓರೆಯಾಗಿ ಎತ್ತಿ ನಿಲ್ಲಿಸಿ, ಯಾವುದರ ಮೇಲೆ ಯಾವುದು ಕೂತಿದೆ ಎಂಬುದನ್ನು ಬೇರೆ ಬೇರೆ ಹಾಳೆಯಾಗಿ ತೋರಿಸುತ್ತಿತ್ತು. ಸೈಮಾ ಕೆಲಸ ಕಲಿತದ್ದೇ ಅದರಲ್ಲಿ. ಅಮ್ಮಿ ರವಿಕೆಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದನ್ನು ಕಂಡು ಬೆಳೆದವಳಿಗೆ ಆ ನೋಟ ಸಲೀಸಾಗಿ ಹಿಡಿಸಿತ್ತು. ಆಮೇಲೆ ಅದನ್ನು ಮಾಡಿದ ಪುಣ್ಯಾತ್ಮ ಎಲ್ಲರಿಗೂ ವಂದನೆ ಹೇಳಿ ಕೈಬಿಟ್ಟ. ಬ್ರೌಸರಿನವರು ಹಳೆಯ ಆಡ್-ಆನುಗಳಿಗೆಲ್ಲ ದಾರಿ ಮುಚ್ಚಿದರು. ಎಲ್ಲರೂ ತೆಗೆದುಹಾಕಿದರು, ಸೈಮಾ ತೆಗೆಯಲಿಲ್ಲ.

ಈಗ ಅವಳ ತಲೆಯಲ್ಲಿ ಪದರದ ಯೋಚನೆ ಇರಲಿಲ್ಲ. ಗುಡ್ಡಮ್ಮನ ಕುರಿಗಳಿದ್ದವು.

ಗುಡ್ಡಮ್ಮ ಸೊರಬ ತಾಲ್ಲೂಕಿನವಳು, ಜಡೆಯ ಹತ್ತಿರದ ಊರು. ಕುರಿ ಸಾಕುವ ಹೆಂಗಸರನ್ನೆಲ್ಲ ಸೇರಿಸಿ ಸಂಘ ಕಟ್ಟಿದ್ದಳು. ವರ್ಷವೂ ಬಕ್ರೀದಿಗೆ ಮುಂಚೆ ದಲ್ಲಾಳಿ ಬಂದು ತನಗೆ ಬೇಕಾದ ಟಗರು ಆರಿಸಿ, ತನಗೆ ತೋಚಿದ ರೇಟು ಹೇಳಿ ಹೊಡೆದುಕೊಂಡು ಹೋಗುತ್ತಿದ್ದ. ಈ ವರ್ಷ ಅವನನ್ನು ಬಿಡಿ, ಟಗರಿನ ಫೋಟೋ ಹಾಕಿ, ಕೊಳ್ಳುವವರೇ ನಿಮಗೆ ಫೋನ್ ಮಾಡುತ್ತಾರೆ ಎಂದು ಮಾತು ಕೊಟ್ಟವಳು ಸೈಮಾ. ಆ ಮಾತು ನಂಬಿ ಗುಡ್ಡಮ್ಮ ದಲ್ಲಾಳಿಯನ್ನು ಅಂಗಳದಿಂದಲೇ ವಾಪಸ್ ಕಳಿಸಿದ್ದಳು.

ಪೇಜು ಚೆಂದವಾಗಿಯೇ ಬಂತು. ಆದರೆ ಫೋನು ಬರಲಿಲ್ಲ. ಟಗರಿನ ಕೆಳಗೆ 'ಕರೆ ಮಾಡಿ' ಎಂಬ ಹಸಿರು ಬಟನ್ ಇತ್ತು. ಕಂಪ್ಯೂಟರಿನಲ್ಲಿ ಒತ್ತಿದರೆ ನಂಬರ್ ತೋರಿಸುತ್ತಿತ್ತು, ಮೊಬೈಲಿನಲ್ಲಿ ಒತ್ತಿದರೆ ಕಲ್ಲಿನಂತೆ ಕೂತಿರುತ್ತಿತ್ತು. ಕುರಿ ಕೊಳ್ಳುವವರು ಕಂಪ್ಯೂಟರ್ ಮುಂದೆ ಕೂರುವ ಜನವೇ? ಸಂಘದ ಹೆಂಗಸರು ಗೊಣಗತೊಡಗಿದರು. ಸೋಮವಾರದೊಳಗೆ ಫೋನು ಬಾರದಿದ್ದರೆ ದಲ್ಲಾಳಿಯನ್ನೇ ಕರೆಸುವುದೆಂದು ತೀರ್ಮಾನವಾಯಿತು. ವಾಪಸ್ ಕರೆಸಿಕೊಂಡ ದಲ್ಲಾಳಿ ಎಂಥ ರೇಟು ಹೇಳುತ್ತಾನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೈಮಾ ಆ ಬಟನ್ನಿನ ಹಿಂದಿನ ಕೋಡನ್ನು ಸಾಲು ಸಾಲಾಗಿ ಓದಿದ್ದಳು. ಹರೀಶನೂ ಓದಿದ್ದ. ಬಟನ್ನಿನಲ್ಲಿ ಒಂದು ಕೊರತೆಯೂ ಇರಲಿಲ್ಲ. ಪೂರಾ ಅಳಿಸಿ ಹೊಸದಾಗಿ ಬರೆದರೂ ಅದೇ ಕಥೆ. ಸಿಕ್ಕೇ ಸಿಗುತ್ತದೆ, ನಾವು ನೋಡುತ್ತಿರುವ ಜಾಗ ಸರಿಯಿಲ್ಲ ಅಷ್ಟೆ ಎಂದು ಅವಳು ಹೇಳುತ್ತಲೇ ಇದ್ದಳು. ಹರೀಶ ಮಾತ್ರ ದಲ್ಲಾಳಿಗೂ ಒಂದು ವೆಬ್‌ಸೈಟ್ ಮಾಡಿಕೊಡೋಣ ಎಂದು ಕಿಚಾಯಿಸುತ್ತಿದ್ದ.

ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಬ್ರೌಸರ್ ಮತ್ತೆ ಅಪ್‌ಡೇಟ್ ಆಗಿತ್ತು. ಅಭ್ಯಾಸಬಲದಿಂದ ಸೈಮಾಳ ಕೈ ಬಲಮೂಲೆಗೆ ಹೋಯಿತು. ಬೂದಿಬಣ್ಣ ಹೋಗಿ ಗುರುತು ನೀಲಿಯಾಗಿತ್ತು. ಒತ್ತಿದಳು. ಕಣ್ಣೆದುರಿನ ಪೇಜು ನಿಧಾನವಾಗಿ ಓರೆಯಾಗಿ, ಹಾಳೆಹಾಳೆಯಾಗಿ ಬಿಡಿಸಿಕೊಂಡು ಎದ್ದು ನಿಂತಿತು.

ಹರೀಶ ಚಹಾದ ಲೋಟ ಹಿಡಿದವನು ಹಾಗೆಯೇ ಬಂದು ಹಿಂದೆ ನಿಂತ. ಯಾಕೆ ಎದ್ದಿತೆಂದು ಹುಡುಕಲು ಹೊರಟ. ಅಪ್‌ಡೇಟಿನ ಟಿಪ್ಪಣಿಯಲ್ಲಿ ಪದರದ ಹೆಸರೇ ಇರಲಿಲ್ಲ. ಬೇರೆ ಯಾವುದಕ್ಕೋ ಬೇಕಾಗಿ ಹಳೆಯದೊಂದು ದಾರಿಯನ್ನು ತೆರೆದಿರಬೇಕು, ಇದೂ ಆ ದಾರಿಯಲ್ಲೇ ನುಸುಳಿ ಬಂದಿರಬೇಕು ಎಂದ. ಬಂದದ್ದು ಬಂದಿದೆ, ಮೊದಲು ಕೆಲಸಕ್ಕೆ ಹಚ್ಚೋಣ ಎಂದಳು ಸೈಮಾ.

ಗುಡ್ಡಮ್ಮನ ಪೇಜು ತೆಗೆದು, ಮೊಬೈಲಿನ ಅಗಲಕ್ಕೆ ಕಿರಿದು ಮಾಡಿ, ಪದರ ಒತ್ತಿದಳು. ತಳದಲ್ಲಿ ಬಿಳಿ ಹಾಳೆ, ಅದರ ಮೇಲೆ ಟಗರುಗಳು, ಅವುಗಳ ಮೇಲೆ ಹಸಿರು ಬಟನ್ನುಗಳು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಎಲ್ಲಕ್ಕೂ ಮೇಲೆ, ಪೇಜಿನ ಉದ್ದಕ್ಕೂ ಅಗಲಕ್ಕೂ, ಗಾಜಿನಂಥ ಇನ್ನೊಂದು ಹಾಳೆ ಹಾಸಿಕೊಂಡಿತ್ತು. ಬೆರಳಿಟ್ಟವರ ಒತ್ತೆಲ್ಲ ಅದಕ್ಕೇ ಬೀಳುತ್ತಿತ್ತು, ಕೆಳಗಿನ ಬಟನ್ನಿಗೆ ಮುಟ್ಟುತ್ತಲೇ ಇರಲಿಲ್ಲ. ಏನದು ಎಂದು ಬಿಡಿಸಿ ನೋಡಿದರೆ ಬೆಳ್ಳಿಯ ಮುಖವಾಡ, ಕುಂಕುಮ, ಸೇವಂತಿಗೆ ದಂಡೆ. ಗುಡ್ಡಮ್ಮನ ಮನೆದೇವರು, ಚಂದ್ರಗುತ್ತಿಯ ಅಮ್ಮ.

ಪೇಜಿಗೆ ಫೋಟೋ ಏರಿಸುವ ಕೆಲಸ ಗುಡ್ಡಮ್ಮನ ತಂಗಿಯ ಮಗ ಯತೀಶನದು. ಸೊರಬದಲ್ಲಿ ಅವನಿಗೆ ಮೊಬೈಲ್ ರಿಪೇರಿ ಅಂಗಡಿ. ಸೈಮಾ ಅವನಿಗೆ ಫೋನ್ ಹಚ್ಚಿದಳು. ಮೊದಲು ತನಗೇನೂ ಗೊತ್ತಿಲ್ಲ ಎಂದ. ಅಮ್ಮನ ಪಟ ಎಂದೊಡನೆ ಮೆತ್ತಗಾದ. ಮನೆಯಲ್ಲಿ ಆಟೋ ತಂದರೂ ಪಂಪ್‌ಸೆಟ್ ತಂದರೂ ಮೊದಲು ಅಮ್ಮನ ಪಟ ಇಡಬೇಕು, ಆಮೇಲೆ ಉಳಿದದ್ದು. ಪೇಜಿಗೂ ದೊಡ್ಡಮ್ಮ ಅದನ್ನೇ ಹೇಳಿದ್ದಳು. ಹಾಕಿದ. ಪಟ ಅರ್ಧ ಪೇಜು ತುಂಬಿ ಟಗರುಗಳೆಲ್ಲ ಕೆಳಗೆ ಹೋದವೆಂದು ಸಂಘದವರು ಜಗಳ ತೆಗೆದರು. ಇಬ್ಬರನ್ನೂ ಎದುರು ಹಾಕಿಕೊಳ್ಳಲಾರದೆ ಯತೀಶ ಪಟವನ್ನು ಕಾಣದಂತೆ ಮಾಡಿ, ಉಳಿದ ಎಲ್ಲದರ ಮೇಲಕ್ಕೆ ತಂದು ಬಿಟ್ಟಿದ್ದ. ಮೊಬೈಲಿನಲ್ಲಿ ಅದು ಪೇಜು ಪೂರ್ತಿ ಹಾಸಿಕೊಳ್ಳುತ್ತದೆಂಬುದು ಅವನಿಗೆ ಹೊಳೆದಿರಲಿಲ್ಲ.

"ದೊಡ್ಡಮ್ಮ ದಿನಾ ಕೇಳ್ತಾಳೆ ಅಕ್ಕಾ, ಅಮ್ಮ ಇದಾಳೇನೋ ಅಂತ. ಎಲ್ಲದಕ್ಕೂ ಮೇಲೆ ಇದಾಳೆ ಅಂತೀನಿ. ಸುಳ್ಳಂತೂ ಹೇಳಿಲ್ಲ."

ಪಟ ಕಿತ್ತುಹಾಕುವುದು ಒಂದು ಗಳಿಗೆಯ ಕೆಲಸ ಎಂದ ಹರೀಶ. ಸೈಮಾ ಒಪ್ಪಲಿಲ್ಲ. ಒಬ್ಬರ ಮನೆದೇವರ ಪಟ, ಅವರನ್ನು ಕೇಳದೆ ಮುಟ್ಟಬಾರದು ಎಂದಳು. ಗುಡ್ಡಮ್ಮನಿಗೆ ಹೇಳಿ ಕಳಿಸಿದಳು.

ಗುಡ್ಡಮ್ಮ ಜಡೆಯ ಬಸ್ಸಿನಲ್ಲಿ ಸೊರಬಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಹತ್ತಿದಳು. ಸೈಮಾ ಪೇಜನ್ನು ಓರೆ ಮಾಡಿ ತೋರಿಸಿದಳು. ಗುಡ್ಡಮ್ಮ ಪರದೆಯ ಹತ್ತಿರ ಬಗ್ಗಿ, ಬಾಗಿಲ ಸಂದಿಯಿಂದ ಒಳಗೆ ಇಣುಕುವವಳಂತೆ ನೋಡಿದಳು. ಅಮ್ಮನನ್ನು ಕಂಡು ಕೈ ಮುಗಿದಳು. ಆಮೇಲೆ ಅಮ್ಮನ ಕೆಳಗೆ ಸಿಕ್ಕಿಕೊಂಡಿದ್ದ ಟಗರುಗಳನ್ನೂ ಬಟನ್ನುಗಳನ್ನೂ ನೋಡಿದಳು.

"ಆ ಯತೀಶ ಮನೆಗೆ ಬರ್ಲಿ, ಮಾಡ್ತೀನಿ. ಅಮ್ಮನ್ನ ಕೊಟ್ಟಿಗೆ ಬಾಗಿಲಿಗೆ ಅಡ್ಡ ಕೂರಿಸಿದಾನಲ್ಲೇ ಮಾರಾಯ್ತಿ."

"ಕೆಳಗೆ ಇಳಿಸ್ಲಾ ಅಕ್ಕಾ?"

"ಕೆಳಗೆ ಬೇಡ. ಎತ್ತರದಲ್ಲೇ ಇರ್ಲಿ. ದಾರಿ ಬಿಟ್ಟು ಕೂರಿಸು."

ಸೈಮಾ ಹಾಗೆಯೇ ಮಾಡಿದಳು. ಪಟವನ್ನು ಸಣ್ಣದು ಮಾಡಿ, ಎಲ್ಲರಿಗೂ ಕಾಣುವಂತೆ, ಸಂಘದ ಹೆಸರಿನ ಪಕ್ಕದಲ್ಲಿ, ಪೇಜಿನ ನೆತ್ತಿಗೆ ಕೂರಿಸಿದಳು. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಗೂಡಿನಲ್ಲಿ ಪಟ ಇದ್ದಂತೆ ಇತ್ತು. ಮತ್ತೊಮ್ಮೆ ಪದರ ಒತ್ತಿ ತೋರಿಸಿದಳು. ಟಗರುಗಳ ಮೇಲೆ ಈಗ ಬರೀ ಬಯಲು. ಹರೀಶ ತನ್ನ ಮೊಬೈಲಿನಲ್ಲಿ ಬಟನ್ ಒತ್ತಿದ. ಗುಡ್ಡಮ್ಮನ ಸೆರಗಿನ ಗಂಟಿನೊಳಗಿನ ಫೋನು ಬಡಿದುಕೊಂಡಿತು. ನೀನು ಕೊಳ್ಳುವ ಗಿರಾಕಿಯಲ್ಲ, ಇಡು ಎಂದು ಅವಳು ಅವನನ್ನು ಗದರಿಸಿದಳು.

ಈ ಪದರ ಮುಂದಿನ ಅಪ್‌ಡೇಟಿಗೆ ಮತ್ತೆ ಮುಚ್ಚಿಹೋದರೆ ಏನು ಮಾಡುತ್ತೀರಿ ಎಂದು ಹರೀಶ ಸೈಮಾಳನ್ನು ಕೇಳಿದ. ಮುಚ್ಚಿದರೆ ಮುಚ್ಚಲಿ, ಅಪ್‌ಡೇಟ್ ಆದಾಗಲೆಲ್ಲ ಒತ್ತಿ ನೋಡುತ್ತೇನೆ ಎಂದಳು. ಅದು ಮತ್ತೆ ಏಳುವವರೆಗೆ, ಕಣ್ಣಿಗೆ ಕಾಣದ್ದೇನಾದರೂ ಮೇಲೆ ಕೂತಿದೆಯೇ ಎಂದು ಮೊದಲು ನೋಡುವ ಬುದ್ಧಿ ಇಬ್ಬರಿಗೂ ಬಂದಿದೆಯಲ್ಲ ಎಂದಳು.

ಶಹಜಹಾನ್ ಬೇಗಂ ಕೆಳಗಿನಿಂದ ಕಳಿಸಿದ ಚಹಾ ಕುಡಿಯುತ್ತಿರುವಾಗ ಗುಡ್ಡಮ್ಮನ ಫೋನು ಮತ್ತೆ ಬಡಿದುಕೊಂಡಿತು. ಅವಳು ಹರೀಶನ ಕೈ ನೋಡಿದಳು. ಅವನ ಎರಡೂ ಕೈ ಲೋಟದ ಮೇಲಿದ್ದವು. ಹಿರೇಕೆರೂರಿನಿಂದ ಯಾರೋ ಒಬ್ಬರು. ಇಷ್ಟು ದಿನದಿಂದ ಒತ್ತಿ ಒತ್ತಿ ಬೆರಳು ಸವೆಯಿತು, ನಿಮಗೆ ಟಗರು ಮಾರುವ ಮನಸ್ಸೇ ಇಲ್ಲವೇನೋ ಅಂದುಕೊಂಡೆವು ಎಂದು ಸಿಡುಕಿದರು.

ಗುಡ್ಡಮ್ಮ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತಳು.

"ಅಮ್ಮ ಅಡ್ಡ ಕೂತಿದ್ಲು ಸಾಹೇಬ್ರೆ, ಈಗ ದಾರಿ ಬಿಟ್ಟಿದಾಳೆ. ಯಾವ ಟಗರು ನೋಡಿದ್ರಿ ಹೇಳಿ. ರೇಟು ಮಾತ್ರ ನಾನು ಹೇಳ್ತೀನಿ."