ಗೋಡೆಯಾಚೆಯ ಕಾವಲು

ಮರುದಿನ ಹಳೆಯ ರಣಭೂಮಿಯಲ್ಲಿ ಸ್ಮಾರಕದ ಅನಾವರಣ. ಕಲ್ಲುಕುಟಿಗ ಆಗಲೇ ಉಳಿಗಳನ್ನು ಚೀಲಕ್ಕೆ ತುಂಬತೊಡಗಿದ್ದ. ಉತ್ತರ-ದಕ್ಷಿಣಗಳ ಅಂತರ್ಯುದ್ಧದಲ್ಲಿ ಕಾದಿದ ಓಹಿಯೋದ ನಮ್ಮ ಸ್ವಯಂಸೇವಕ ಪದಾತಿ ದಳದಲ್ಲಿ ಸತ್ತವರ ಹೆಸರೆಲ್ಲ ಆ ಬೂದುಗಲ್ಲಿನ ಹಿಂಬದಿಗೆ ಕೆತ್ತಿಯಾಗಿತ್ತು. ನನ್ನ ತಮ್ಮ ಈಬೆನ್‌ನ ಹೆಸರು ಅಲ್ಲಿರಲಿಲ್ಲ. ಇವತ್ತು ಕೆತ್ತದಿದ್ದರೆ ಇನ್ನು ಯಾವತ್ತೂ ಕೆತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು.

ಈಬೆನ್ ಕಾವಲು ಬಿಟ್ಟು ಓಡಿಹೋದ ಎಂದೇ ಊರಿಗೆ ಊರು ನಂಬಿತ್ತು. ಅವನ ಜೊತೆ ಕಾವಲಿಗಿದ್ದ ಏಸಾ ದಕ್ಷಿಣದವರ ಸೆರೆಯಿಂದ ಕಡ್ಡಿಯಂತಾಗಿ ಮರಳಿ ಬಂದು, ಅವನು ಅಲ್ಲೇ ಗುಂಡೇಟಿಗೆ ಸತ್ತ ಎಂದು ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ; ಅವನೂ ಶತ್ರುಗಳ ಕಡೆಗೆ ಓಡಿದವನೇ ಅಂದರು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಏಸಾನನ್ನೇ ಮದುವೆಯಾದೆ. ಅಂದಿನಿಂದ ಚರ್ಚಿನಲ್ಲಿ ನಮ್ಮ ಬೆಂಚಿಗೆ ಬಂದು ಕೂರುವವರೇ ಇಲ್ಲ. ಅಮ್ಮನಂತೂ ಮಗನ ಹೆಸರನ್ನು ಬಾಯಿಬಿಟ್ಟು ಹೇಳಲಾಗದೆ ಸತ್ತಳು. ಕಾಲು ಶತಮಾನ ಕಳೆದರೂ ನನ್ನ ಸಿಟ್ಟು ಆರಿರಲಿಲ್ಲ.

ರಣಭೂಮಿಯ ಸಮಿತಿಯಿಂದ ಒಬ್ಬ ಮೇಜರ್ ಬಂದಿದ್ದರು. ತಮ್ಮನ ಹೆಸರು ಕೆತ್ತಿಸಬೇಕೆಂದು ನಾನು ಬೆಳಿಗ್ಗೆಯೇ ಅವರನ್ನು ಕೇಳಿದ್ದೆ. ದಳದ ಸಾಲು ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ನೋಡಿ ಎರಡೂ ತುದಿಗೆ ಚಿಕ್ಕ ಕಲ್ಲು ನೆಡಬೇಕಿತ್ತು. ಅದಕ್ಕಾಗಿ ದಳದಲ್ಲಿ ಬದುಕುಳಿದವರೆಲ್ಲ ಅಂದು ನಿಂತಿದ್ದ ಜಾಗದಲ್ಲೇ, ಕಲ್ಲುಗೋಡೆಯ ಹಿಂದೆ, ಭುಜಕ್ಕೆ ಭುಜ ತಾಗಿಸಿ ನಿಂತರು. ಯಾರೂ ಹೇಳದೆಯೇ ಸತ್ತವರ ಜಾಗವನ್ನು ಖಾಲಿ ಬಿಟ್ಟಿದ್ದರು.

"ಹೊಟ್ಟೆ ಒಳಗೆ ಎಳ್ಕೊಳ್ಳೋ ಜೋಬ್! ನಿನ್ನೊಬ್ಬನಿಂದ್ಲೇ ಸಾಲು ಒಂದು ಗಜ ಉದ್ದ ಆಗುತ್ತೆ," ಎಂದು ಹೈರಮ್ ಛೇಡಿಸಿದ.

ಏಸಾ ಮಾತ್ರ ಸಾಲಿಗೆ ಸೇರಲಿಲ್ಲ. ಗೋಡೆ ದಾಟಿ, ಕುಂಟುತ್ತ, ಹೊಲದ ಆಚೆ ತುದಿಯ ಬಂಡೆಯ ಹತ್ತಿರ ಹೋಗಿ ನಿಂತ.

"ನೋಡ್ರಪ್ಪಾ, ಈಗ್ಲೂ ಆ ಕಡೇಗೇ ಓಡ್ತಾನೆ!" ಎಂದು ಹೈರಮ್ ಕೂಗಿದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವರು ಯಾಕೆ ಅಲ್ಲಿದ್ದಾರೆ?" ಮೇಜರ್ ಕೇಳಿದರು.

ಉತ್ತರ ಕೊಟ್ಟವರು ಕ್ಯಾಪ್ಟನ್ ಎಲ್ಕಾನಾ ಪ್ರ್ಯಾಟ್. ಆಗಲೂ ಈಗಲೂ ನಮ್ಮೂರಿನ ಅಂಗಡಿಯವರು, ಒಳ್ಳೆಯ ಮನುಷ್ಯ. ದಳ ಕಟ್ಟಿದ ದಿನ ಊರ ಹುಡುಗರೇ ಕೈ ಎತ್ತಿ ಅವರನ್ನು ಕ್ಯಾಪ್ಟನ್ ಮಾಡಿದ್ದರು.

"ಇಬ್ಬರನ್ನ ಅಲ್ಲಿ ಕಾವಲಿಗೆ ಹಾಕಿದ್ದೆ. ನಮ್ಮ ಮೇಲೆ ಒತ್ತಡ ಜಾಸ್ತಿ ಆದಾಗ ಎಲ್ರೂ ಹಿಂದಿನ ತೋಪಿಗೆ ಸರಿದ್ವಿ. ಅವ್ರಿಗೂ ಹೇಳಿ ಕಳಿಸ್ದೆ. ಬರ್ಲಿಲ್ಲ."

ನಾನು ಮುಂದೆ ನುಗ್ಗಿದೆ. "ಯಾರನ್ನ ಕಳಿಸಿದ್ರಿ?"

"ಡೆಲಿಯಾ, ಇದು ಗಂಡಸರ..."

"ಯಾರನ್ನ ಕಳಿಸಿದ್ರಿ ಅಂದೆ!"

ಮೇಜರ್ ನನ್ನನ್ನು ತಡೆಯಲಿಲ್ಲ. ಕ್ಯಾಪ್ಟನ್ ಸಾಲಿನ ಕಡೆ ತಿರುಗಿದರು. "ಯಾರೋ ಹೋಗಿದ್ದು? ಜೋಬ್, ನೀನಲ್ವಾ?"

"ನಾನಾ? ಇಲ್ಲಪ್ಪ. ಹೈರಮ್ ಹೋದ ಅಂದ್ಕೊಂಡೆ."

ಹೈರಮ್‌ನ ನಗು ಎಲ್ಲಿ ಹೋಯಿತೋ. "ನಾನು... ಕೇಲೆಬ್ ಹೋದ ಅಂದ್ಕೊಂಡಿದ್ದೆ."

"ಕೇಲೆಬ್ ಬೆಳಿಗ್ಗೇನೇ ಸತ್ತಿದ್ದ," ಎಂದು ಸಾಲಿನ ತುದಿಯಿಂದ ಯಾರೋ ಮೆಲ್ಲಗೆ ಅಂದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವತ್ತು ಏನಂದ್ರಿ?" ಮೇಜರ್ ಕೇಳಿದರು. "ಅದೇ ಮಾತು ಹೇಳಿ."

ಕ್ಯಾಪ್ಟನ್‌ರ ಮುಖ ಬಿಳಿಚಿಕೊಂಡಿತು. "'ಹುಡುಗ್ರಾ, ಯಾರಾದ್ರೂ ಒಬ್ರು ಹೋಗಿ ಅವ್ರಿಗೂ ಹೇಳ್ಬರ್ತೀರಾ' ಅಂದೆ."

"ಹೆಸರು ಹಿಡಿದು ಅಪ್ಪಣೆ ಮಾಡ್ಲಿಲ್ವಾ?"

"ಅಕ್ಕಪಕ್ಕದ ಮನೆಯವ್ರು ಮೇಜರ್, ಕೈ ಎತ್ತಿ ನನ್ನನ್ನ ದೊಡ್ಡವನು ಮಾಡಿದವ್ರು. ಗುಂಡು ಹಾರೋ ಕಡೆ ನೀನೇ ಹೋಗು ಅಂತ ಹೆಂಗೆ ಹೇಳ್ಲಿ?"

ಮೇಜರ್ ಸ್ಮಾರಕದ ಕಲ್ಲಿನ ಕಡೆ ನೋಡಿದರು. "ಇವರ ತಮ್ಮ ಕಾವಲಿನ ಜಾಗದಲ್ಲೇ ಸತ್ರು ಅಂತ ಅವರ ಕ್ಯಾಪ್ಟನ್ನೇ ಎಲ್ಲರೆದುರು ಹೇಳಿದ್ರೆ ಹೆಸರು ಕೆತ್ತಬಹುದು. ಬೇರೆ ದಾರಿ ಇಲ್ಲ."

ಕಲ್ಲಿನ ಮುಂಬದಿಯಲ್ಲಿ ಎಲ್ಕಾನಾ ಪ್ರ್ಯಾಟ್ ಎಂಬ ಹೆಸರು ಎಲ್ಲಕ್ಕಿಂತ ದೊಡ್ಡದಾಗಿತ್ತು. ನಾಳೆ ಅವರ ಮೊಮ್ಮಕ್ಕಳು ಅದನ್ನು ನೋಡಲು ಬರುವವರಿದ್ದರು. ಕಲ್ಲುಕುಟಿಗ ಚೀಲ ಹೆಗಲಿಗೇರಿಸಿ ನಿಂತಿದ್ದ. ಈ ಮನುಷ್ಯ ಹೇಳುವುದಿಲ್ಲ, ಖಂಡಿತ ಹೇಳುವುದಿಲ್ಲ ಎಂದುಕೊಂಡೆ.

ಕ್ಯಾಪ್ಟನ್ ಟೋಪಿ ತೆಗೆದರು. "ಈಬೆನ್ ಓಡಿಹೋಗ್ಲಿಲ್ಲ. ಅವನು ಕಾವಲಲ್ಲೇ ಇದ್ದ, ಅಲ್ಲೇ ಸತ್ತ. ನಾವೇ ಅವನನ್ನ ಬಿಟ್ಟು ಬಂದ್ವಿ. ನಾವಲ್ಲ, ನಾನು."

ಕಲ್ಲುಕುಟಿಗ ಚೀಲವನ್ನು ಕೆಳಗಿಳಿಸಿದ. ನಾನು ನಿಂತಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ; ನಾಚಿಕೆಯೂ ಆಗಲಿಲ್ಲ.

ಅಷ್ಟು ದೂರದಲ್ಲಿದ್ದ ಏಸಾನಿಗೆ ಇದಾವುದೂ ಕೇಳಿಸಿರಲಿಲ್ಲ. ಉಳಿಯ ಸದ್ದಿಗೆ ಅವನು ಹಿಂದಿರುಗಿ ಬಂದು, ಕಲ್ಲಿನ ಮೇಲೆ ಮೂಡುತ್ತಿದ್ದ ಮೊದಲ ಅಕ್ಷರವನ್ನೇ ನೋಡುತ್ತ ನಿಂತ.

ಕ್ಯಾಪ್ಟನ್ ಅವನ ತೋಳು ಹಿಡಿದರು. "ಏಸಾ, ಸಾಯೋವಾಗ ಅವನು ನನ್ನ ಬೈದ್ನಾ?"

"ಇಲ್ಲ," ಎಂದ ಏಸಾ. "ಓಡೋಣ ಬಾ ಅಂತ ನಾನೇ ಕರೆದೆ. ಬರ್ಲಿಲ್ಲ. 'ಎಲ್ಕಾನಾ ಹೇಳಿ ಕಳಿಸದೆ ಇರೋನಲ್ಲ, ಅವನಿಗೆ ಕೈ ಎತ್ತಿದೋನು ನಾನು' ಅಂತ ಗೋಡೆ ಕಡೆ ನೋಡ್ತಾನೇ ಇದ್ದ."

ಕ್ಯಾಪ್ಟನ್ ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತರು. ಅವರನ್ನು ಬೈಯಬೇಕೆಂದು ಇಷ್ಟು ವರ್ಷ ಕಾದಿದ್ದ ನನಗೆ ಬೈಯಲು ಬಾಯಿ ಬರಲಿಲ್ಲ. ಸಮಾಧಾನ ಹೇಳಲು ಮನಸ್ಸೂ ಬರಲಿಲ್ಲ.